ರಾತ್ರಿಯ ಎದೆನೋವು ಬೆಳಗಿನ ಬಸ್ಸಿಗೆ ಬರುತ್ತದೆ

ಕ್ಯಾಜುವಲ್ಟಿಯ ರಿಜಿಸ್ಟರಿನಲ್ಲಿ ಎರಡು ಕಾಲಂಗಳನ್ನು ಜೋಡಿಸಿ ಓದುವುದು ನನಗೆ ರೂಢಿಯಾಗಿದೆ. ಒಂದು, ರೋಗಿ ಬಂದ ಹೊತ್ತು. ಇನ್ನೊಂದು, ರೋಗಿಯ ಊರು. ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಜೋಡಿಸಿ ನೋಡಿದರೆ ನಮ್ಮ ವಿಜಯಪುರ ಜಿಲ್ಲೆಯ ಬಸ್ಸಿನ ವೇಳೆ, ಬೆಳೆಯ ಹಂಗಾಮು, ಕರೆಂಟಿನ ಪಾಳಿ, ಮನೆಯೊಳಗೆ ಯಾರ ಮಾತು ನಡೆಯುತ್ತದೆ ಅನ್ನುವುದು, ಎಲ್ಲವೂ ಆ ಪುಟದಲ್ಲಿ ಬಂದು ಕೂತಿರುತ್ತವೆ.

ನಾನು ಇಲ್ಲಿನ ಒಂದು ಬೋಧಕ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಒಳಗೆ ಬಂದವರನ್ನು ಮೊದಲು ನೋಡುವ ಟ್ರಯಾಜ್ ಮೇಜು ನನ್ನದು. ನಾಡಿ, ಬಿಪಿ, ಉಸಿರು, ಆಕ್ಸಿಜನ್, ಪ್ರಜ್ಞೆ ನೋಡಿ ಬಣ್ಣ ಹೇಳಬೇಕು. ಕೆಂಪು ಅಂದರೆ ಈಗಿಂದೀಗಲೇ, ಹಳದಿ ಅಂದರೆ ತಡಮಾಡದೆ, ಹಸಿರು ಅಂದರೆ ಕಾಯಬಹುದು. ಪಟ್ಟಣದವರು ಸಿಸ್ಟರ್ ಅನ್ನುತ್ತಾರೆ, ಹಳ್ಳಿಯವರು ಅಕ್ಕಾರ ಅನ್ನುತ್ತಾರೆ. ಯಾರು ಏನೇ ಕರೆದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವಾಗಿಂದ?

ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬರುವವರ ಊರಿನ ಕಾಲಂ ನೋಡಿ. ಜಲನಗರ, ಇಬ್ರಾಹಿಂಪುರ, ನವಬಾಗ, ಸ್ಟೇಷನ್ ರಸ್ತೆ. ಮಗುವಿಗೆ ಜ್ವರ, ವಾಂತಿ-ಭೇದಿ, ದಮ್ಮು, ಬೈಕಿನಿಂದ ಬಿದ್ದ ಪೆಟ್ಟು, ನಾಯಿ ಕಡಿತ. ಇವರಲ್ಲಿ ಹಸಿರು, ಹಳದಿ ಹೆಚ್ಚು. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರ ಪುಟ ತೆರೆಯಿರಿ. ಚಡಚಣ, ಇಂಡಿ, ಆಲಮೇಲ, ಸಿಂದಗಿ, ತಾಳಿಕೋಟಿ, ನಾಲತವಾಡ. ಅಲ್ಲಿ ಕೆಂಪು ಹೆಚ್ಚು. ಹಳ್ಳಿಯವರಿಗೆ ರೋಗ ಬೆಳಿಗ್ಗೆಯೇ ಬರುತ್ತದೆಂದೇನಿಲ್ಲ. ರಾತ್ರಿ ಬಂದ ರೋಗ ಕಟ್ಟೆಯ ಮೇಲೆ ಕೂತು ಬಸ್ಸು ಕಾಯುತ್ತದೆ, ಅಷ್ಟೇ.

"ಯಾವಾಗಿಂದ ನೋವು ಅದ?"

"ನಿನ್ನಿ ರಾತ್ರಿ ಊಟ ಆದ ಮ್ಯಾಗಿಂದ್ರಿ ಅಕ್ಕಾರ. ಗ್ಯಾಸ್ ಇರಬೇಕಂತ ಸೋಡಾ ಕುಡಿಸಿದ್ವಿ. ನಸೀಕಲೆ ಬೆವರು ಕಿತ್ತ್ಕೊಂಡು ಬಂತು. ಫಸ್ಟ್ ಬಸ್ಸಿಗೆ ಕರ್ಕೊಂಡು ಬಂದೀವ್ರಿ."

ಈ ಮಾತನ್ನು ನಾನು ಎಷ್ಟು ಬಾಯಿಗಳಿಂದ ಕೇಳಿದ್ದೇನೋ. ಹೆಸರು ಬೇರೆ, ಊರು ಬೇರೆ, ಸೋಡಾದ ಬದಲು ಜೀರಿಗೆ ನೀರು ಇರಬಹುದು, ಕಥೆ ಅದೇ. ಎದೆನೋವು ಅಂದವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಎನ್ನುವುದು ಜಗತ್ತಿನ ಎಲ್ಲ ತುರ್ತು ವಿಭಾಗಗಳೂ ಒಪ್ಪಿದ ನಿಯಮ. ನಮ್ಮ ಇಂಟರ್ನ್ ಹುಡುಗ ಹುಡುಗಿಯರು ಆ ಹತ್ತು ನಿಮಿಷಕ್ಕಾಗಿ ಓಡುತ್ತಾರೆ, ಅವರ ಓಟ ನೋಡಿದರೆ ನನಗೆ ಪ್ರೀತಿ ಉಕ್ಕುತ್ತದೆ. ಆದರೆ ಆ ಮನುಷ್ಯ ಹತ್ತು ತಾಸು ಮೊದಲೇ ಕಳೆದುಕೊಂಡು ಬಂದಿರುತ್ತಾನೆ. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಮೊದಲ ಒಂದೆರಡು ತಾಸಿನಲ್ಲಿ ಕೊಟ್ಟರೆ ಮಾಡುವ ಕೆಲಸವನ್ನು ಆರನೆಯ ತಾಸಿಗೆ ಮಾಡುವುದಿಲ್ಲ. ಹನ್ನೆರಡು ತಾಸು ದಾಟಿದರೆ ಸಾಮಾನ್ಯವಾಗಿ ಅದನ್ನು ಕೊಡುವುದೇ ಇಲ್ಲ. ಅಷ್ಟರೊಳಗೆ ಹೃದಯದ ಸ್ನಾಯು ಸತ್ತಿರುತ್ತದೆ, ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಣ್ಣುಮಕ್ಕಳಲ್ಲಿ ಇನ್ನೂ ಕಷ್ಟ. ಅವರಿಗೆ ಎದೆ ಒತ್ತಿ ಹಿಡಿದಂತೆ ಆಗದೆಯೂ ಇರಬಹುದು. ಬರೀ ಸುಸ್ತು, ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ. ಗ್ಯಾಸ್ ಅನ್ನದೆ ಇನ್ನೇನು ಅಂದಾರು?

108ಕ್ಕೆ ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಆರೋಗ್ಯ ಕವಚ 108 ನಮ್ಮ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಆ ನಂಬರ್ ಗೊತ್ತಿಲ್ಲದವರು ಈಗ ಸಿಗುವುದಿಲ್ಲ. ಆದರೆ ಆಲಮೇಲ ಕಡೆಯ ಒಬ್ಬ ಹಿರಿಯರು ನನಗೆ ಹೇಳಿದ್ದು ಹೀಗೆ: "ಹೆರಿಗಿಗಿ ಬರ್ತದ, ಆಕ್ಸಿಡೆಂಟಿಗಿ ಬರ್ತದ. ಎದಿ ನೋವಿಗಿ ಕರದ್ರ ಬೈತಾರಂತ ಮಾಡಿದ್ವಿ ನೋಡವಾ." ಕೇಳಲು ತಮಗೆ ಹಕ್ಕಿದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ರಾತ್ರಿ ಕಳೆದಿದ್ದಾರೆ. ಕೆಲವರು ಊರಿನ ಕ್ರೂಸರ್ ಗಾಡಿ ಕೇಳಿರುತ್ತಾರೆ, ಬಾಡಿಗೆ ಕೇಳಿ ಸುಮ್ಮನಾಗಿರುತ್ತಾರೆ. ಇನ್ನು ಕೆಲವರು ಬೈಕಿನ ಮೇಲೆ ನಡುವೆ ಕೂಡಿಸಿಕೊಂಡು, ಹಿಂದಿನವನು ತಬ್ಬಿ ಹಿಡಿದು, 60 ಕಿಲೋಮೀಟರ್ ತರುತ್ತಾರೆ.

ಇಂಥವರಿಗೆ ನಾನು ಈಗ ಸಾರಿ ಸಾರಿ ಹೇಳುವುದು, ವಿಜಯಪುರಕ್ಕೇ ಬರಬೇಕೆಂದು ಕಾಯಬೇಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಅದೇ ರಾತ್ರಿ ಹೋಗಿ ಇಸಿಜಿ ಮಾಡಿಸಿ ಎಂದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ಹೃದ್ರೋಗ ತಜ್ಞರು ಅಲ್ಲಿಂದಲೇ ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡಬಹುದು. ದುಬಾರಿ ಔಷಧ ಅದು. ರೋಗಿ ನಮ್ಮಲ್ಲಿಗೆ ಬರುವ ಮೊದಲೇ ನಮ್ಮ ಅರ್ಧ ಕೆಲಸ ಆಗಿರುತ್ತದೆ. ಲಕ್ವಕ್ಕೂ ಇದೇ ಮಾತು, ಅಲ್ಲಿ ಗಡುವು ಇನ್ನೂ ಕಡಿಮೆ, ನಾಲ್ಕೂವರೆ ತಾಸು. ಬಾಯಿ ಸೊಟ್ಟಗಾದದ್ದನ್ನು ಕಂಡು ಬೆಳಗಿನ ಬಸ್ಸು ಕಾದರೆ ಆ ನಾಲ್ಕೂವರೆ ತಾಸು ಮನೆಯಲ್ಲೇ ಮುಗಿದುಹೋಗುತ್ತದೆ. ಮಾತು ತೊದಲಿತು, ಒಂದು ಕೈ ಏಳಲಿಲ್ಲ ಅಂದರೆ ಗಡಿಯಾರ ನೋಡಿಕೊಂಡು ಹೊರಡಿ. ಲಕ್ವಕ್ಕೆ ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು, ಅದನ್ನೂ ನೆನಪಿಡಿ.

ಹಾವು ಕಡಿತದ ಪುಟಗಳಲ್ಲಿ ಬೇರೊಂದು ಗಡಿಯಾರ ಓಡುತ್ತದೆ. ಮಳೆಗಾಲ ಬಂದರೆ ಹಾವು ಹೆಚ್ಚು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಹೊಲಕ್ಕೆ ನೀರು ಹಾಯಿಸಲು ಹೋದಾಗ ಕಡಿಯಿತು ಎಂದು ನಡುರಾತ್ರಿ ಬರುವವರನ್ನು ನೋಡುತ್ತಾ ಹೋದಂತೆ ನನಗೆ ಹೊಳೆದದ್ದು ತ್ರೀ ಫೇಸ್ ಕರೆಂಟಿನ ಪಾಳಿ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಕೊಟ್ಟರೆ ರೈತ ರಾತ್ರಿಯೇ ಹೋಗಬೇಕು, ಬರಿಗಾಲಲ್ಲಿ, ಒಂದು ಕೈಯಲ್ಲಿ ಮೊಬೈಲ್ ಬೆಳಕು, ಇನ್ನೊಂದರಲ್ಲಿ ಸಲಿಕೆ. 2023ರ ಅಕ್ಟೋಬರ್‌ನಲ್ಲಿ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ರಾತ್ರಿ ಕರೆಂಟನ್ನು ವಿರೋಧಿಸಿ, ಹೊಲದಲ್ಲಿ ಸಿಕ್ಕ ಮೊಸಳೆಯನ್ನೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ವಿದ್ಯುತ್ ಕೇಂದ್ರದ ಮುಂದೆ ತಂದಿದ್ದು ದೇಶದ ತುಂಬ ಸುದ್ದಿಯಾಯಿತು. ಬಹಳ ಜನರಿಗೆ ಅದು ವಿಚಿತ್ರವಾಗಿ ಕಂಡಿತು. ನನಗೆ ನಮ್ಮ ರಿಜಿಸ್ಟರು ಕಣ್ಣಮುಂದೆ ಬಂತು. ಹಗಲು ಕರೆಂಟು ಕೊಡುವುದು ಕೃಷಿಯ ಪ್ರಶ್ನೆ ಎಂದುಕೊಂಡಿದ್ದೇವೆ, ಅದು ತುರ್ತು ವಿಭಾಗದ ಪ್ರಶ್ನೆಯೂ ಹೌದು.

ಬಯಲುಸೀಮೆಯ ನಮ್ಮ ಒಣನೆಲದಲ್ಲಿ ಗರಗಸ ಮಂಡಲ, ಕೊಳಕು ಮಂಡಲ, ನಾಗರ, ಕಟ್ಟುಹಾವು, ನಾಲ್ಕೂ ಇವೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಕಡಿದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗಾಯ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಎಂದು ಎದ್ದವರಿಗೆ ಆಮೇಲೆ ಕಣ್ಣುರೆಪ್ಪೆ ಜೋಲು ಬೀಳುತ್ತದೆ, ನುಂಗಲಾಗುವುದಿಲ್ಲ, ಉಸಿರು ಸೋಲುತ್ತದೆ. ಹೊಟ್ಟೆನೋವಿಗೆ ಹಸಿರು ಬಣ್ಣ ಕೊಟ್ಟು ಕೂಡಿಸುವ ಮೊದಲು, ಎಲ್ಲಿ ಮಲಗಿದ್ದಿರಿ ಎಂದು ಕೇಳಬೇಕು. ಹೊಸ ಇಂಟರ್ನ್‌ಗಳಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ಅದಕ್ಕೆ ನಮ್ಮ ಪರೀಕ್ಷೆ ಬಹಳ ಸರಳ: ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ಎರಡು ಎಂಎಲ್ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುವುದು. ವಾಲಿಸಿದಾಗ ರಕ್ತ ನೀರಿನಂತೆ ಹರಿದರೆ ವಿಷ ಏರಿದೆ.

"ಹುಳ ಮುಟ್ಟ್ಯದ್ರಿ" ಎಂದು ಬರುವವರ ಕಾಲಿಗೆ ಈಗಲೂ ಹಗ್ಗ ಬಿಗಿದಿರುತ್ತದೆ. ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಔಷಧಕ್ಕೆಂದು ದಾರಿಯಲ್ಲಿ ಇಳಿಯಬೇಡಿ. ಕಡಿತವಾದ ಕೈಕಾಲು ಅಲುಗದಂತೆ ಮಾಡಿ, ನಡೆಸದೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹೊಡೆದು ತರುವ ಅಗತ್ಯವಿಲ್ಲ, ನಾಲ್ಕೂ ಹಾವುಗಳಿಗೆ ಔಷಧ ಒಂದೇ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಸರ್ಕಾರಿ ಆದೇಶಗಳಲ್ಲಿ ಅದೂ ಒಂದು. ಎಣಿಸದ ಸಾವಿಗೆ ಯಾರೂ ಔಷಧ ದಾಸ್ತಾನು ಮಾಡುವುದಿಲ್ಲ.

ಹಂಗಾಮಿನ ಮಾತು ಬಂತು. ಬೇಸಿಗೆಯಲ್ಲಿ ವಾಂತಿ-ಭೇದಿ, ಬಿಸಿಲ ಹೊಡೆತ. ತೊಗರಿ ಹೂ ಬಿಡುವ ಕಾಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯಲು ಹೋಗಿ ತಲೆತಿರುಗಿ ಬೀಳುವವರು. ಕಬ್ಬಿನ ಕಾರ್ಖಾನೆಗಳು ಶುರುವಾದವೆಂದರೆ ರಾತ್ರಿ ಅಪಘಾತ: ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಹಿಂದಿನಿಂದ ಬಂದ ಬೈಕು, ತಲೆಯ ಮೇಲೆ ಹೆಲ್ಮೆಟ್ ಇಲ್ಲ. ಈ ಬಗ್ಗೆ ಹೆಚ್ಚು ಬರೆಯಲಾರೆ, ಬರೆಯಲು ಕೂತರೆ ಹುಡುಗರ ಮುಖಗಳು ಬರುತ್ತವೆ. ಕಾರ್ಖಾನೆಯ ಗೇಟಿನಲ್ಲಿ ತೂಕಕ್ಕೆ ನಿಲ್ಲಿಸುವಾಗಲೇ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಕಳಿಸಿದರೆ ಎಷ್ಟು ತಲೆಗಳು ಉಳಿಯುತ್ತವೆ ಎನ್ನುವುದಷ್ಟೇ ನನ್ನ ಮಾತು. ಗಾಯಾಳುವನ್ನು ಎತ್ತಿ ತಂದರೆ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂಬ ಹೆದರಿಕೆ ಬಿಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅಂಥವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ.

ಹೆಣ್ಣುಮಕ್ಕಳ ಗಡಿಯಾರ ಮತ್ತೂ ಬೇರೆ. ಮಧ್ಯಾಹ್ನ ಎರಡಕ್ಕೆ ಶುರುವಾದ ಹೊಟ್ಟೆನೋವು ರಾತ್ರಿ ಒಂಬತ್ತಕ್ಕೆ ಬರುತ್ತದೆ, ಗಂಡ ಕೆಲಸದಿಂದ ಬಂದು ಉಂಡ ಮೇಲೆ. ಬಸುರಿ ಹೆಂಗಸಿನ ತಲೆನೋವು, ಕಣ್ಣು ಮಂಜಾಗುವುದು ಅತ್ತೆಯ ಒಪ್ಪಿಗೆಗೆ ಕಾಯುತ್ತದೆ. ಬಸುರಿಯಲ್ಲಿ ಅದು ಬಿಪಿ ಏರಿದ ಗುರುತು, ಫಿಟ್ಸ್ ಬರುವ ಮುನ್ನಿನ ಎಚ್ಚರಿಕೆ. ಒಂದೊಂದು ಸಲ ಅಮಾವಾಸ್ಯೆ ದಾಟಲೆಂದು ಕಾದದ್ದೂ ಉಂಟು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ವಯಸ್ಸಾದ ತಾಯಂದಿರು ಒಬ್ಬರೇ, ಆಧಾರ್ ಕಾರ್ಡ್ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಬರುವುದನ್ನು ನಾನು ಮೊದಲಿಗಿಂತ ಹೆಚ್ಚು ನೋಡುತ್ತಿದ್ದೇನೆ. ಟಿಕೆಟ್ಟಿನ ದುಡ್ಡಿಗೆ ಮಗನನ್ನು ಕೇಳುವುದು ತಪ್ಪಿದ್ದರಿಂದ ಅವರ ದಮ್ಮು, ಅವರ ಸಕ್ಕರೆ ಒಂದು ದಿನ ಮೊದಲೇ ನಮ್ಮ ಮೇಜಿಗೆ ಬರುತ್ತಿದೆ. ಒಂದು ದಿನ ಎಂದರೆ ಸಣ್ಣ ಮಾತಲ್ಲ.

ಇನ್ನು "ಏನಾಯಿತು" ಎಂಬ ಕಾಲಂ. ಅಲ್ಲಿ ಬರೆದದ್ದನ್ನೆಲ್ಲ ನಂಬುವಂತಿಲ್ಲ. ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ಹೇಳುವ ಹೆಂಗಸಿನ ಮುಂಗೈ ಹೊರಬದಿಯಲ್ಲಿ ಕಂದು ಗೀರುಗಳಿದ್ದರೆ, ಉತ್ತರಗಳನ್ನೆಲ್ಲ ಪಕ್ಕದಲ್ಲಿ ನಿಂತವನೇ ಕೊಡುತ್ತಿದ್ದರೆ, ನಾನು ಅವನನ್ನು ಕೇಸ್ ಪೇಪರ್ ಮಾಡಿಸಲು ಕಳಿಸುತ್ತೇನೆ. ಆ ಐದು ನಿಮಿಷದಲ್ಲಿ ಅವಳು ಮಾತಾಡಬಹುದು, ಮಾತಾಡದೆಯೂ ಇರಬಹುದು. ಒತ್ತಾಯ ಮಾಡುವುದಿಲ್ಲ. ಕೇಳುವವರು ಒಬ್ಬರು ಇಲ್ಲಿದ್ದಾರೆ ಎಂಬುದು ಅವಳಿಗೆ ಗೊತ್ತಾದರೆ ಸಾಕು, ಮುಂದೊಮ್ಮೆ ಬರುತ್ತಾಳೆ.

ಎಣ್ಣಿ ಕುಡಿದವರ ಮನೆಯವರೂ ಹೀಗೆಯೇ ಮುಚ್ಚಿಡುತ್ತಾರೆ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆಗುತ್ತದೆ, ಪೊಲೀಸರು ಬರುತ್ತಾರೆ, ಮಗನ ಮೇಲೆ ಕೇಸಾಗುತ್ತದೆ ಎಂಬ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಅವರ ಆರೈಕೆ ಸರ್ಕಾರದ ಹೊಣೆ. ಎಂಎಲ್‌ಸಿ ಎನ್ನುವುದು ದಾಖಲೆ. ನಿಜ ಹೇಳಿ, ಸಾಧ್ಯವಾದರೆ ಬಾಟಲಿಯನ್ನೂ ತನ್ನಿ. ಯಾವ ಔಷಧ ಎಂದು ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಭಾರವಾಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ರೋಗ ಶುರುವಾಗಿ ಮೂರನೆಯ ದಿನ ಬರುವವರ ಬಗ್ಗೆ ಹೇಳಲೇಬೇಕು. ಮೊದಲ ದಿನ ಊರಿನಲ್ಲಿ ಸೂಜಿ ಮಾಡಿಸಿರುತ್ತಾರೆ. ಎರಡನೆಯ ದಿನ ತಾಲ್ಲೂಕಿನಲ್ಲಿ ಸಲೈನ್ ಹಚ್ಚಿಸಿರುತ್ತಾರೆ. ಕೈಯಲ್ಲಿದ್ದ ದುಡ್ಡು ಅಲ್ಲಿಗೆ ಮುಗಿದಿರುತ್ತದೆ. ನಮ್ಮಲ್ಲಿಗೆ ಬಂದಾಗ ನೋವಿಗಿಂತ ಮೊದಲು ಬಾಯಿಂದ ಬರುವುದು "ಎಷ್ಟ್ ಖರ್ಚ್ ಆಗ್ತದ್ರಿ?" ಆ ಪ್ರಶ್ನೆಗೆ ನನ್ನ ಹೊಟ್ಟೆ ಇಂದಿಗೂ ಉರಿಯುತ್ತದೆ. ಗಾಯಾಳುವಿನ ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ, ಪರಮಾನಂದ ಕಟಾರಾ ಪ್ರಕರಣದಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಿಲ್ಲ. ಆದರೂ ಚೀಟಿ ತರಲೆಂದು ಅರ್ಧ ದಿನ ಅಲೆದು ಬಂದವರನ್ನು ನೋಡುತ್ತಲೇ ಇದ್ದೇನೆ.

ಸಭೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಬರುತ್ತದೆ. ಓಪಿಡಿಗೆ ಬರಬೇಕಾದವರೆಲ್ಲ ಕ್ಯಾಜುವಲ್ಟಿಗೆ ಬರುತ್ತಾರೆ, ಅವರಿಂದಲೇ ಗದ್ದಲ ಎಂದು. ನಾನು ಇದನ್ನು ಒಪ್ಪುವುದಿಲ್ಲ, ಮತ್ತು ಇದನ್ನು ಹೇಳಲೆಂದೇ ಇಷ್ಟು ಬರೆದೆ. ಹಸಿರು ಬಣ್ಣದವರು ಕೂರುವುದು ಬೆಂಚಿನ ಮೇಲೆ. ಔಷಧ ಬರೆಸಿಕೊಂಡು ಹೋಗುತ್ತಾರೆ. ನಮ್ಮ ಹಾಸಿಗೆಗಳು ತುಂಬಿ ಸ್ಟ್ರೆಚರುಗಳು ಸಾಲುಗಟ್ಟುವುದು ಅಡ್ಮಿಟ್ ಆದವರಿಗೆ ಮೇಲೆ ಐಸಿಯುನಲ್ಲಿ ಜಾಗ ಸಿಗದೆ ಅವರು ಕೆಳಗೇ ಉಳಿದಾಗ. ತುರ್ತು ವಿಭಾಗಗಳ ದಟ್ಟಣೆಯನ್ನು ಬೇರೆ ದೇಶಗಳಲ್ಲಿ ಅಳೆದು ನೋಡಿದವರೂ ಸಣ್ಣ ಕಾಯಿಲೆಯವರಿಂದ ಆಗುವ ತಡ ಬಹಳ ಕಡಿಮೆ ಎಂದೇ ಕಂಡುಕೊಂಡಿದ್ದಾರೆ. ಹಾಗಿರುವಾಗ ರಾತ್ರಿ ಒಂಬತ್ತಕ್ಕೆ ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ "ಇದಕ್ಕೂ ಇಲ್ಲಿಗೆ ಬರ್ತಾರೇನ್ರಿ" ಎಂದು ಗದರಿಸಿದರೆ ಏನಾಗುತ್ತದೆ? ಮುಂದಿನ ಸಲ ಮಗುವಿಗೆ ಫಿಟ್ಸ್ ಬಂದಾಗಲೂ ಅವಳು ಬೆಳಗಾಗಲಿ ಎಂದು ಕಾಯುತ್ತಾಳೆ. ಬೈತಾರೆಂದು 108ಕ್ಕೆ ಕರೆಯದ ಆ ಹಿರಿಯರಿಗೂ ಯಾರೋ ಎಲ್ಲೋ ಹಿಂದೊಮ್ಮೆ ಬೈದಿದ್ದಾರೆ.

ಕಲಿಸುವ ಆಸ್ಪತ್ರೆಗಂತೂ ಹಸಿರಿನವರು ಬೇಕೇ ಬೇಕು. ನೂರು ಸಾದಾ ಹೊಟ್ಟೆನೋವುಗಳನ್ನು ಕೈಯಿಟ್ಟು ನೋಡಿದ ಇಂಟರ್ನ್‌ಗೆ ಮಾತ್ರ ನೂರೊಂದನೆಯದು ಬೇರೆ ಎಂದು ಬೆರಳಿಗೆ ತಿಳಿಯುತ್ತದೆ. ನಾಳೆ ಆ ಹುಡುಗಿ ಮುದ್ದೇಬಿಹಾಳದಲ್ಲೋ ದೇವರ ಹಿಪ್ಪರಗಿಯಲ್ಲೋ ರಾತ್ರಿ ಒಬ್ಬಳೇ ಡ್ಯೂಟಿಯಲ್ಲಿರುವಾಗ ಆ ಬೆರಳೇ ಗತಿ.

ನನ್ನ ಬೇಡಿಕೆ ದೊಡ್ಡದಲ್ಲ. ರಿಜಿಸ್ಟರಿಗೆ ಎರಡು ಕಾಲಂ ಸೇರಬೇಕು. ರೋಗ ಶುರುವಾದ ಹೊತ್ತು, ಮತ್ತು ಮೊದಲು ಎಲ್ಲಿಗೆ ಹೋಗಿದ್ದರು. ಬಂದ ಹೊತ್ತನ್ನು ನಾವು ನಿಮಿಷದ ಲೆಕ್ಕದಲ್ಲಿ ಬರೆಯುತ್ತೇವೆ, ಶುರುವಾದ ಹೊತ್ತನ್ನು ಕೇಸ್ ಪೇಪರಿನ ಒಳಗೆಲ್ಲೋ ಹುಗಿದುಬಿಡುತ್ತೇವೆ. ಎರಡನ್ನೂ ಅಕ್ಕಪಕ್ಕ ಬರೆದರೆ ಯಾವ ಊರಿನವರು ಎಷ್ಟು ತಾಸು ಕಳೆದುಕೊಳ್ಳುತ್ತಿದ್ದಾರೆ, ಎಲ್ಲಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ತಿಂಗಳೊಪ್ಪತ್ತಿನಲ್ಲಿ ತಿಳಿಯುತ್ತದೆ. ಯಾವ ರಸ್ತೆಗೆ ಇನ್ನೊಂದು ಆಂಬುಲೆನ್ಸ್ ಬೇಕು, ಯಾವ ಊರಿನ ಆಶಾ ಕಾರ್ಯಕರ್ತೆಗೆ ಎದೆನೋವಿನ ಬಗ್ಗೆ ಹೇಳಿಕೊಡಬೇಕು ಎಂದು ಆಗ ಕೇಳಬಹುದು. ನಮ್ಮ ವಿಭಾಗದ ಹಿರಿಯ ವೈದ್ಯರ ಮುಂದೆ ಈ ಮಾತು ಇಟ್ಟಿದ್ದೇನೆ. ಒಬ್ಬ ಪಿಜಿ ವಿದ್ಯಾರ್ಥಿನಿ ಇದನ್ನೇ ತನ್ನ ಅಧ್ಯಯನದ ವಿಷಯ ಮಾಡಿಕೊಳ್ಳುವ ಆಸಕ್ತಿ ತೋರಿಸಿದ್ದಾಳೆ.

ಅಷ್ಟರವರೆಗೆ ನೀವು ಒಂದು ಸಹಾಯ ಮಾಡಿ. ಚಡಚಣ, ಆಲಮೇಲ, ತಾಳಿಕೋಟಿ, ನಾಲತವಾಡ ಕಡೆಯವರು ಇದನ್ನು ಓದುತ್ತಿದ್ದರೆ ನಿಮ್ಮ ಊರಿನಿಂದ ರಾತ್ರಿ ಕೊನೆಯ ಬಸ್ಸು ಎಷ್ಟಕ್ಕೆ, ಬೆಳಿಗ್ಗೆ ಮೊದಲನೆಯದು ಎಷ್ಟಕ್ಕೆ, ನಡುವಿನ ಹೊತ್ತಿನಲ್ಲಿ ಗಾಡಿ ಸಿಗುತ್ತದೆಯೇ, ಅದಕ್ಕೆ ಎಷ್ಟು ಬಾಡಿಗೆ ಕೇಳುತ್ತಾರೆ, 108 ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೆಳಗೆ ಬರೆಯಿರಿ. ಗಾಡಿಯವರ ಹೆಸರು, ನಂಬರ್ ಬೇಡ. ಊರಿನ ಹೆಸರು ಮಾತ್ರ ಮರೆಯದೆ ಹಾಕಿ.